ಅಪಘಾತ ಮರಣದ ಪರಿಹಾರ ಮತ್ತು ಕುಟುಂಬದ ವ್ಯಾಖ್ಯೆ

ಒಬ್ಬನ ಅಲಕ್ಷ್ಯದಿಂದ ಮತ್ತೊಬ್ಬನ ಕೈ ಮುರಿದರೆ, ಪೆಟ್ಟು ತಿಂದವನು ತಾನೇ ನ್ಯಾಯಾಲಯಕ್ಕೆ ಹೋಗಿ ಪರಿಹಾರವನ್ನು ಕೇಳಬಲ್ಲನು. ಅದೇ ಅಲಕ್ಷ್ಯದಿಂದ ಅವನು ಸತ್ತುಹೋದರೆ ಕೇಳುವವರು ಯಾರು? ಸತ್ತವನು ಕೇಳಲಾರನು, ಅವನನ್ನು ನಂಬಿದ್ದವರು ಕೇಳಬೇಕು. ಆದರೆ ನಂಬಿದ್ದವರೆಂದರೆ ಹೆಂಡತಿ, ಮಕ್ಕಳು, ತಾಯಿತಂದೆಗಳು ಮಾತ್ರವೇ? ಅವನ ದುಡಿಮೆಯಿಂದ ಓದುತ್ತಿದ್ದ ತಮ್ಮ, ಅವನ ಮನೆಯಲ್ಲಿಯೇ ಇದ್ದ ವಿಧವೆ ಅಕ್ಕ, ತಬ್ಬಲಿಯಾದ ಸೋದರಳಿಯ—ಇವರೂ ಆ ಮಾತಿನೊಳಗೆ ಸೇರುವರೇ? ಮೇಲುನೋಟಕ್ಕೆ ಇದು ವಕೀಲರ ಪ್ರಶ್ನೆಯಾಗಿ ಕಾಣುತ್ತದೆ. ಆದರೆ ಇದರ ಇತಿಹಾಸವನ್ನು ಪರಿಶೀಲಿಸಿದರೆ, ಇದು ಕುಟುಂಬವೆಂದರೇನು ಎಂಬುದನ್ನು ಯಾರು ನಿರ್ಣಯಿಸಬೇಕು ಎಂಬ ಪ್ರಶ್ನೆಯೇ ಆಗಿದೆ. ೧೯ನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಒಂದು ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಪಟ್ಟಿಯೊಂದು ಭರತಖಂಡದ ಮನೆಗಳನ್ನು ನೂರಕ್ಕೂ ಹೆಚ್ಚು ವರ್ಷ ಅಳೆಯಿತು. ಆ ಅಳತೆಗೋಲು ಇನ್ನೂ ಪೂರ್ತಿಯಾಗಿ ಕೈಬಿಟ್ಟಿಲ್ಲ.

ಸಾವಿಗೆ ಬೆಲೆ ತೆರುವ ಭಾವನೆ ಈ ದೇಶಕ್ಕೆ ಹೊಸದಲ್ಲ. ಆಪಸ್ತಂಬ ಧರ್ಮಸೂತ್ರವು ಕ್ಷತ್ರಿಯನನ್ನು ಕೊಂದವನು ವೈರವನ್ನು ತೀರಿಸುವುದಕ್ಕಾಗಿ ೧,೦೦೦ ಗೋವುಗಳನ್ನು ಕೊಡಬೇಕೆಂದು ವಿಧಿಸುತ್ತದೆ. ವೈಶ್ಯನಿಗೆ ೧೦೦, ಶೂದ್ರನಿಗೆ ೧೦. ಸತ್ತವನ ವರ್ಣದಂತೆ ಅವನ ಬೆಲೆ. ಆ ಗೋವುಗಳು ಸಲ್ಲತಕ್ಕುದು ಯಾರಿಗೆ ಎಂಬಲ್ಲಿ ಮಾತ್ರ ಏಕಮತವಿಲ್ಲ. ಬೌಧಾಯನವು ದೊರೆಯನ್ನು ಹೇಳುತ್ತದೆ. ಬ್ರಾಹ್ಮಣರಿಗೆಂದು ಹೇಳಿದವರುಂಟು, ಸತ್ತವನ ಬಂಧುಗಳಿಗೆಂದು ಊಹಿಸಿದವರೂ ಉಂಟು. ಕನ್ನಡನಾಡಿನ ಶಾಸನಗಳಲ್ಲಿ ಇನ್ನೊಂದು ಬಗೆಯನ್ನು ಕಾಣುತ್ತೇವೆ. ತುರುಗಾಳಗದಲ್ಲಿಯೋ ಊರಳಿವಿನಲ್ಲಿಯೋ ಮಡಿದ ವೀರನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯಿದ್ದಿತು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ಇಲ್ಲಿ ಸಾವಿನಿಂದ ಆಸರೆ ತಪ್ಪಿದ ಮನೆಯೊಂದಿದೆಯೆಂಬ ಅರಿವು ಸ್ಪಷ್ಟವಾಗಿದೆ. ಆದರೂ ಅದು ಒಡೆಯನು ಮೆಚ್ಚಿ ಕೊಟ್ಟ ಕೊಡುಗೆಯೇ ಹೊರತು, ಕೊಂದವನಿಂದ ಕೇಳಿ ಪಡೆಯುವ ಹಕ್ಕಲ್ಲ. ಕೊಡುಗೆಯಿಂದ ಹಕ್ಕಿಗೆ ಬರುವ ದಾರಿ ಬೇರೆಯಾಗಿದ್ದಿತು. ಆ ದಾರಿ ಈ ದೇಶಕ್ಕೆ ಇಂಗ್ಲೆಂಡಿನಿಂದ ಬಂದಿತು.

ಇಂಗ್ಲೆಂಡಿನಲ್ಲಿಯೂ ಅದು ಸುಲಭವಾಗಿ ತೆರೆದುದಲ್ಲ. ೧೮೦೮ರಲ್ಲಿ ಬೇಕರ್ ಮತ್ತು ಬೋಲ್ಟನ್ ಎಂಬ ಹೆಸರಿನ ಮೊಕದ್ದಮೆಯೊಂದು ಲಾರ್ಡ್ ಎಲೆನ್‌ಬರೋ ಅವರ ಮುಂದೆ ಬಂದಿತು. ಬಾಡಿಗೆಯ ಕುದುರೆಗಾಡಿಯು ಮಗುಚಿ ಗಂಡನಿಗೆ ಗಾಯವಾಗಿ, ಹೆಂಡತಿಯು ಸುಮಾರು ಒಂದು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಗಂಡನು ಪಾನಗೃಹವನ್ನು ನಡೆಸುತ್ತಿದ್ದವನು. ಹೆಂಡತಿ ಆ ವ್ಯಾಪಾರದಲ್ಲಿ ಅವನಿಗೆ ನೆರವಾಗಿದ್ದಳು. ಸಿವಿಲ್ ನ್ಯಾಯಾಲಯದಲ್ಲಿ ಮನುಷ್ಯನ ಮರಣವನ್ನು ಹಾನಿಯೆಂದು ದೂರುವಂತಿಲ್ಲವೆಂದು ನ್ಯಾಯಾಧೀಶರು ತೀರ್ಮಾನಿಸಿದರು. ಗಂಡನಿಗಾದ ಗಾಯಕ್ಕೂ, ಹೆಂಡತಿ ಬದುಕಿದ್ದ ಆ ಒಂದು ತಿಂಗಳ ನಷ್ಟಕ್ಕೂ ಪರಿಹಾರವುಂಟು. ಆಕೆಯ ಸಾವಿನ ಅನಂತರದ ನಷ್ಟಕ್ಕೆ ಇಲ್ಲ. ಈ ನಿಯಮದ ಫಲ ವಿಚಿತ್ರವಾಗಿದ್ದಿತು. ಜನರನ್ನು ಕುಂಟರನ್ನಾಗಿ ಮಾಡುವುದಕ್ಕಿಂತ ಕೊಂದುಬಿಡುವುದೇ ಗಾಡಿಯ ಒಡೆಯನಿಗೆ ಅಗ್ಗವಾಯಿತು.

ರೈಲು ಬಂದ ಮೇಲೆ ಈ ವೈಚಿತ್ರ್ಯವನ್ನು ಸಹಿಸುವುದು ಕಷ್ಟವಾಯಿತು. ಇಂಗ್ಲೆಂಡಿನಲ್ಲಿ ಆಗ ಡಿಯೋಡ್ಯಾಂಡ್ ಎಂಬ ಮಧ್ಯಯುಗದ ಪದ್ಧತಿಯೊಂದು ಉಳಿದಿದ್ದಿತು. ಮನುಷ್ಯನ ಸಾವಿಗೆ ಕಾರಣವಾದ ವಸ್ತು—ಅದು ಎತ್ತಾಗಲಿ, ಬಂಡಿಯಾಗಲಿ—ಅಥವಾ ಅದರ ಬೆಲೆಯು ದೊರೆಗೋ, ಆ ಹಕ್ಕನ್ನು ಪಡೆದಿದ್ದ ಭೂಮಾಲಿಕನಿಗೋ ಸೇರತಕ್ಕುದು. ೧೮೪೧ರ ಡಿಸೆಂಬರ್ ೨೪ರಂದು ಸೋನಿಂಗ್ ಎಂಬಲ್ಲಿ ಗ್ರೇಟ್ ವೆಸ್ಟರ್ನ್ ರೈಲು ಕುಸಿದ ಮಣ್ಣಿಗೆ ಡಿಕ್ಕಿ ಹೊಡೆದು ಹಲವರು ಸತ್ತಾಗ, ವಿಚಾರಣೆ ನಡೆಸಿದ ಪಂಚರು ಇಂಜಿನಿನ ಮೇಲೂ ಗಾಡಿಗಳ ಮೇಲೂ ೧,೦೦೦ ಪೌಂಡು ಡಿಯೋಡ್ಯಾಂಡ್ ವಿಧಿಸಿದರು. ಆ ಹಣದಲ್ಲಿ ಸತ್ತವರ ಹೆಂಡತಿ ಮಕ್ಕಳಿಗೆ ಹಕ್ಕಿನ ಪಾಲು ಇರಲಿಲ್ಲ. ೧೮೪೬ರಲ್ಲಿ ಪಾರ್ಲಿಮೆಂಟು ಡಿಯೋಡ್ಯಾಂಡನ್ನು ರದ್ದುಮಾಡಿತು. ಅದೇ ವರ್ಷ ಲಾರ್ಡ್ ಕ್ಯಾಂಬೆಲ್ ಅವರ ಹೆಸರಿನಿಂದ ಪ್ರಸಿದ್ಧವಾದ ಮಾರಕ ಅಪಘಾತಗಳ ಕಾಯದೆಯನ್ನು ಅಂಗೀಕರಿಸಿತು. ಸತ್ತವನು ಬದುಕಿದ್ದರೆ ದಾವೆ ಹೂಡಬಹುದಾಗಿದ್ದ ಸಂದರ್ಭಗಳಲ್ಲಿ, ಅವನ ಹೆಂಡತಿ ಅಥವಾ ಗಂಡ, ತಾಯಿತಂದೆಗಳು ಮತ್ತು ಮಕ್ಕಳ ಪ್ರಯೋಜನಕ್ಕಾಗಿ ದಾವೆ ನಡೆಯಬಹುದೆಂದು ಅದು ಹೇಳಿತು. ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಮಲಮಕ್ಕಳನ್ನೂ ಆ ಪದಗಳ ಅರ್ಥದೊಳಗೆ ಸೇರಿಸಿತು. ಅಣ್ಣತಮ್ಮಂದಿರು, ಅಕ್ಕತಂಗಿಯರು ಅದರಲ್ಲಿರಲಿಲ್ಲ.

ಪಟ್ಟಿಯನ್ನು ಹೀಗೆ ಕಿರಿದಾಗಿಟ್ಟುದಕ್ಕೆ ಕಾರಣವಿಲ್ಲದಿಲ್ಲ. ಹಳೆಯ ನಿಯಮವನ್ನು ಮುರಿಯುವಾಗ ಹೊಣೆಗಾರಿಕೆಗೆ ಒಂದು ಎಲ್ಲೆಯನ್ನು ಗೊತ್ತುಪಡಿಸಬೇಕಾಗಿದ್ದಿತು. ಒಂದು ಸಾವಿಗೆ ಒಂದೇ ದಾವೆ, ಅದರಲ್ಲಿ ಯಾರು ಯಾರಿಗಾಗಿ ಕೇಳಲಾಗಿದೆಯೆಂಬ ವಿವರ, ನಿಶ್ಚಿತವಾದ ಕಾಲಮಿತಿ—ಇವೆಲ್ಲ ಆ ಎಲ್ಲೆಯ ಅಂಗಗಳು. ಗಂಡ, ಹೆಂಡತಿ, ಮಕ್ಕಳು ಒಂದು ಸೂರಿನಡಿಯಲ್ಲಿದ್ದು, ಬೆಳೆದ ತಮ್ಮನು ಬೇರೆ ಮನೆ ಮಾಡುವ ಸಮಾಜದಲ್ಲಿ ಆ ಪಟ್ಟಿ ಬಹುಮಟ್ಟಿಗೆ ಸಾಕಾಗುತ್ತಿದ್ದಿತು.

ಒಂಬತ್ತು ವರ್ಷಗಳ ಅನಂತರ ಆ ಪಟ್ಟಿ ಕಡಲು ದಾಟಿ ಬಂದಿತು. ಮುಂಬಯಿ–ಠಾಣೆ ರೈಲು ಓಡಿದುದು ೧೮೫೩ರಲ್ಲಿ. ಭಾರತದ ಮಾರಕ ಅಪಘಾತಗಳ ಕಾಯದೆ ಹುಟ್ಟಿದುದು ೧೮೫೫ರಲ್ಲಿ. ಆ ವರ್ಷದ ೧೩ನೆಯ ಕಾಯದೆಯಾದ ಇದು ಕ್ಯಾಂಬೆಲ್ ಕಾಯದೆಯ ಪಡಿಯಚ್ಚು. ಅದರ ರಚನೆಯನ್ನು ತಿಳಿಯದೆ ಮುಂದಿನ ವಿವಾದಗಳು ಅರ್ಥವಾಗವು. ಮೊದಲನೆಯ ವಿಧಿಯಂತೆ ದಾವೆಯನ್ನು ಹೂಡುವವನು ಸತ್ತವನ ಉಯಿಲಿನ ನಿರ್ವಾಹಕ, ಆಡಳಿತಗಾರ ಅಥವಾ ಪ್ರತಿನಿಧಿ. ಆದರೆ ಅದರ ಫಲವು ಹೆಂಡತಿ, ಗಂಡ, ತಾಯಿತಂದೆ, ಮಕ್ಕಳಿಗೆ ಮಾತ್ರ. ಎಂದರೆ ಹೂಡುವವನು ಬೇರೆ, ಪಡೆಯುವವನು ಬೇರೆ ಆಗಬಹುದು. ತಮ್ಮನು ಪ್ರತಿನಿಧಿಯಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬಹುದಾದರೂ ತನ್ನ ಪಾಲಿನ ಅನ್ನ ಹೋಯಿತೆಂದು ಕೇಳುವಂತಿಲ್ಲ. ಎರಡನೆಯ ವಿಧಿಯು ಸತ್ತವನ ಸ್ವತ್ತಿಗಾದ ನಷ್ಟವನ್ನು ಕುರಿತದ್ದು. ಆ ಹಣವು ಸ್ವತ್ತಿನ ಭಾಗವಾಗಿ ವಾರಸುದಾರರಿಗೆ ಹೋಗುತ್ತದೆ. ಈ ಎರಡು ವಿಧಿಗಳ ಭೇದವನ್ನು ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯವು, ೧೯೪೭ರಲ್ಲಿ ಮದರಾಸು ಪ್ರಾಂತದಲ್ಲಿ ನಡೆದ ಬಸ್ಸಿನ ಅಪಘಾತವೊಂದರ ಮೊಕದ್ದಮೆಯಲ್ಲಿ ವಿಶದವಾಗಿ ವಿವರಿಸಿತು. ಅವಲಂಬಿತರ ನಷ್ಟ ಒಂದು, ಸ್ವತ್ತಿನ ನಷ್ಟ ಇನ್ನೊಂದು. ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರ ಕೂಡದೆಂಬುದು ಅದರ ಸಾರಾಂಶ.

ಈ ಪಟ್ಟಿಯನ್ನು ಹಿಡಿದು ಅಂದಿನ ಭಾರತೀಯ ಮನೆಯೊಂದರ ಬಾಗಿಲಲ್ಲಿ ನಿಂತರೆ ಕಾಣುವುದೇನು? ಅವಿಭಕ್ತ ಕುಟುಂಬದಲ್ಲಿ ಹಿರಿಯಣ್ಣನ ಸಂಪಾದನೆಯಿಂದ ತಮ್ಮಂದಿರ ವಿದ್ಯೆ, ತಂಗಿಯರ ಮದುವೆ, ತೀರಿಕೊಂಡ ಸೋದರನ ಮಕ್ಕಳ ಪಾಲನೆ ನಡೆಯುವುದು ಸಾಮಾನ್ಯ. ಅಣ್ಣನು ಸತ್ತರೆ ಅವರ ಬಾಳು ಕೆಡುವುದು ನಿಜ. ಆದರೆ ಕಾಯದೆಯ ಮೊದಲನೆಯ ವಿಧಿಯ ಕಣ್ಣಿಗೆ ಅವರು ಬೀಳರು. ದಕ್ಷಿಣ ಕನ್ನಡದ ಅಳಿಯಸಂತಾನದ ಮನೆಗಳಲ್ಲಿ ಈ ವೈಷಮ್ಯ ಇನ್ನೂ ತೀಕ್ಷ್ಣವಾಗುತ್ತದೆ. ಆ ಪದ್ಧತಿಯಲ್ಲಿ ಕುಟುಂಬವೆಂದರೆ ತಾಯಿಯ ಕಡೆಯ ಸಂತತಿ, ಸೋದರಮಾವನು ಯಜಮಾನ, ಅವನ ಸೋದರಿಯ ಮಕ್ಕಳು ಆ ಕುಟುಂಬದವರು, ಅವನ ಸ್ವಂತ ಹೆಂಡತಿ ಮಕ್ಕಳು ಬೇರೊಂದು ಕುಟುಂಬಕ್ಕೆ ಸೇರಿದವರು. ಅಂತಹ ಯಜಮಾನನು ಅನ್ಯರ ಅಲಕ್ಷ್ಯದಿಂದ ಸತ್ತನೆಂದರೆ, ೧೮೫೫ರ ಪಟ್ಟಿಯು ಹೆಂಡತಿ ಮಕ್ಕಳನ್ನು ಒಳಗೆ ಕರೆದು, ಅವನ ಕೈಯನ್ನೇ ನಂಬಿದ್ದ ಸೋದರಳಿಯಂದಿರನ್ನು ಹೊರಗೆ ನಿಲ್ಲಿಸುತ್ತದೆ. ಹೆಂಡತಿ ಮಕ್ಕಳಿಗೆ ದೊರೆತುದು ನ್ಯಾಯವೇ. ಸೋದರಳಿಯಂದಿರಿಗೆ ದೊರೆಯದಿದ್ದುದು ಅನ್ಯಾಯ.

ವಲಸೆಯು ಈ ಸಂಗತಿಗೆ ಇನ್ನೊಂದು ಮುಖವನ್ನು ಕೊಟ್ಟಿತು. ಊರು ಬಿಟ್ಟು ಮುಂಬಯಿಯ ಹೋಟೆಲುಗಳಲ್ಲಿಯೋ, ಪುಣೆಯ ಕಾರಖಾನೆಗಳಲ್ಲಿಯೋ ದುಡಿದ ಕನ್ನಡಿಗ ತರುಣನು ಬಹುಮಟ್ಟಿಗೆ ಅವಿವಾಹಿತನಾಗಿಯೇ ಬಂದವನು. ಅವನ ಮನಿಯಾರ್ಡರು ತಾಯಿಯ ಹೆಸರಿಗೆ ಹೋದರೂ ಅದರಿಂದ ತುಂಬುತ್ತಿದ್ದುದು ತಮ್ಮನ ಶಾಲೆಯ ಶುಲ್ಕ, ತಂಗಿಯ ಮದುವೆಯ ಸಾಲ. ತಾಯಿಯಿದ್ದಷ್ಟು ಕಾಲ ಪಟ್ಟಿಯಲ್ಲಿ ಒಂದು ಹೆಸರಾದರೂ ಇದ್ದಿತು. ತಾಯಿಯಿಲ್ಲದ ಮನೆಗೆ ಅದೂ ಇಲ್ಲ. ದುಡಿಯುವವನು ಒಂದು ಊರಿನಲ್ಲಿ, ಉಣ್ಣುವವರು ಇನ್ನೊಂದು ಊರಿನಲ್ಲಿ ಇರುವ ಈ ಬಗೆಯ ಸಂಸಾರವನ್ನು ೧೮೪೬ರ ಶಾಸನಕರ್ತರು ನೆನೆದವರಲ್ಲ.

ಪಟ್ಟಿಯು ಸಾಲದೆಂಬ ಅರಿವು ಮೊದಲು ತೋರಿಬಂದುದು ಕಾರ್ಮಿಕರ ಕಾಯದೆಯಲ್ಲಿ. ೧೯೨೩ರ ಕಾರ್ಮಿಕರ ಪರಿಹಾರ ಕಾಯದೆಯು ಕೆಲಸದ ಸಂಬಂಧದಲ್ಲಿ ಸತ್ತವರ ಅವಲಂಬಿತರನ್ನು ಹೆಸರಿಸುವಾಗ ಅಪ್ರಾಪ್ತ ವಯಸ್ಸಿನ ತಮ್ಮನನ್ನೂ ಮದುವೆಯಾಗದ ಸೋದರಿಯನ್ನೂ ಒಳಗೆ ತಂದಿತು. ಗಿರಣಿಯಲ್ಲಿ ಸತ್ತವನ ಕುಟುಂಬವು ಬೀದಿಯಲ್ಲಿ ಸತ್ತವನ ಕುಟುಂಬಕ್ಕಿಂತ ದೊಡ್ಡದಾಯಿತು. ಇತ್ತ ಇಂಗ್ಲೆಂಡು ತನ್ನ ಪಟ್ಟಿಯನ್ನು ತಾನೇ ತಿದ್ದಿಕೊಂಡಿತು. ೧೯೩೪ರಲ್ಲಿ ದತ್ತುಮಕ್ಕಳೂ ವಿವಾಹಬಾಹಿರವಾಗಿ ಹುಟ್ಟಿದ ಮಕ್ಕಳೂ, ೧೯೫೯ರಲ್ಲಿ ಸೋದರ ಸೋದರಿಯರೂ, ಚಿಕ್ಕಪ್ಪ ಸೋದರತ್ತೆ ಮೊದಲಾದವರೂ, ಅವರ ಸಂತತಿಯೂ ಅಲ್ಲಿ ಸೇರಿದರು. ಭಾರತದ ೧೮೫೫ರ ಪಟ್ಟಿ ಇದ್ದಂತೆಯೇ ಉಳಿಯಿತು. ಮೂಲವು ಬದಲಾಯಿತು, ಪಡಿಯಚ್ಚು ಬದಲಾಗಲಿಲ್ಲ.

ಭಾರತದಲ್ಲಿ ಬಾಗಿಲು ತೆರೆದುದು ಪಟ್ಟಿಯ ತಿದ್ದುಪಡಿಯಿಂದಲ್ಲ, ಒಂದು ಪದದ ಮೂಲಕ. ೧೯೩೯ರ ಮೋಟಾರು ವಾಹನಗಳ ಕಾಯದೆಗೆ ೧೯೫೬ರಲ್ಲಿ ತಿದ್ದುಪಡಿಯಾಗಿ, ಅಪಘಾತದ ಪರಿಹಾರವನ್ನು ನಿರ್ಣಯಿಸಲು ಪ್ರತ್ಯೇಕ ನ್ಯಾಯಮಂಡಲಿಗಳನ್ನು ಸ್ಥಾಪಿಸುವ ಏರ್ಪಾಡಾಯಿತು. ದುಬಾರಿಯಾದ ಸಿವಿಲ್ ದಾವೆಯ ಬದಲು ಸರಳವಾದ ಅರ್ಜಿಯೊಂದು ಸಾಕೆಂಬುದು ಅದರ ಉದ್ದೇಶ. ಮರಣದ ಸಂದರ್ಭದಲ್ಲಿ ಅರ್ಜಿ ಸಲ್ಲಿಸುವವರು ಯಾರೆಂಬಲ್ಲಿ ಹೆಂಡತಿ, ಗಂಡ, ತಾಯಿತಂದೆ, ಮಕ್ಕಳು ಎಂಬ ಮಾತುಗಳು ಇರಲಿಲ್ಲ. ಸತ್ತವನ ‘ಕಾನೂನುಸಮ್ಮತ ಪ್ರತಿನಿಧಿಗಳು’ ಎಂಬ ಮಾತು ಮಾತ್ರ ಇದ್ದಿತು. ಆ ಮಾತಿಗೆ ಮೋಟಾರು ಕಾಯದೆಯಲ್ಲಿ ವ್ಯಾಖ್ಯೆಯಿರಲಿಲ್ಲ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಸತ್ತವನ ಸ್ವತ್ತನ್ನು ಕಾನೂನಿನಂತೆ ಪ್ರತಿನಿಧಿಸುವವನು ಮಾತ್ರವಲ್ಲದೆ ಆ ಸ್ವತ್ತಿನ ವ್ಯವಹಾರದಲ್ಲಿ ಕೈಹಾಕಿದವನೂ ಪ್ರತಿನಿಧಿಯೇ.

ಇಲ್ಲಿಂದ ಉಚ್ಚ ನ್ಯಾಯಾಲಯಗಳ ಅಭಿಪ್ರಾಯಗಳು ಕವಲೊಡೆದುವು. ಮೋಟಾರು ಕಾಯದೆಯು ಅರ್ಜಿಯ ಕ್ರಮವನ್ನಷ್ಟೇ ಬದಲಿಸಿದೆ, ಹಕ್ಕಿನ ಮೂಲವು ಇನ್ನೂ ೧೮೫೫ರ ಕಾಯದೆಯೇ. ಆದುದರಿಂದ ಪಟ್ಟಿಯ ಹೊರಗಿನವರಿಗೆ ಪರಿಹಾರವಿಲ್ಲ ಎಂದು ಕೆಲವು ಹೇಳಿದುವು. ಹೊಸ ಕಾಯದೆಯ ಮಾತು ವಿಶಾಲವಾಗಿರುವಾಗ ಹಳೆಯ ಪಟ್ಟಿಯಿಂದ ಅದನ್ನು ಕುಗ್ಗಿಸಬಾರದೆಂದು ಬೇರೆ ಕೆಲವು ಹೇಳಿದುವು. ಗುಜರಾತಿನ ಉಚ್ಚ ನ್ಯಾಯಾಲಯವು ೧೯೭೭ರಲ್ಲಿ ಸತ್ತವನ ಸೋದರನ ಮಕ್ಕಳ ಅರ್ಜಿಯನ್ನು ಮಾನ್ಯಮಾಡಿತು. ಹೀಗೆ ಸುಮಾರು ಮೂವತ್ತು ವರ್ಷ, ತಮ್ಮನಿಗೆ ಪರಿಹಾರ ಸಿಗುವುದೂ ಸಿಗದಿರುವುದೂ ಅಪಘಾತವು ಯಾವ ರಾಜ್ಯದಲ್ಲಿ ನಡೆಯಿತೆಂಬುದನ್ನು ಅವಲಂಬಿಸಿದ್ದಿತು.

೧೯೮೭ರಲ್ಲಿ ಈ ಗೊಂದಲ ಮುಗಿಯಿತು. ಗುಜರಾತ್ ರಾಜ್ಯ ರಸ್ತೆ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಸತ್ತವನು ಒಬ್ಬ ಬಾಲಕ. ಪರಿಹಾರ ಕೇಳಿದವರು ಸೋದರರು. ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು. ಮೈಸೂರು ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದು, ೧೯೮೯ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳ ಪದವಿಗೇರಿದ ಕನ್ನಡಿಗರು ಅವರು. ಭಾರತೀಯ ಕುಟುಂಬದಲ್ಲಿ ಸೋದರ ಸೋದರಿಯರು, ಸೋದರರ ಮಕ್ಕಳು, ಒಮ್ಮೊಮ್ಮೆ ಸಾಕುಮಕ್ಕಳು ಕೂಡ ಒಟ್ಟಿಗೆ ಬಾಳುತ್ತಾರೆ. ದುಡಿಯುವವನೊಬ್ಬನನ್ನು ಅವರೆಲ್ಲರೂ ನಂಬಿರುತ್ತಾರೆ. ಅವನು ಅಪಘಾತದಲ್ಲಿ ಸತ್ತಾಗ ೧೮೫೫ರ ಕಾಯದೆಯನ್ನು ತೋರಿಸಿ ಅವರಿಗೆ ಪರಿಹಾರವನ್ನು ನಿರಾಕರಿಸುವುದು ಸರಿಯಲ್ಲ ಎಂಬುದು ಆ ತೀರ್ಪಿನ ತಿರುಳು. ಸಾವಿನಿಂದ ನಷ್ಟ ಹೊಂದಿದ ಕಾನೂನುಸಮ್ಮತ ಪ್ರತಿನಿಧಿಗಳೆಲ್ಲರಿಗೂ ಪರಿಹಾರದ ದಾರಿಯಿರಬೇಕೆಂದು ಅದು ಸಾರಿತು. ೧೩೨ ವರ್ಷಗಳ ಮೇಲೆ ನ್ಯಾಯಾಲಯವು ಪಟ್ಟಿಯನ್ನು ಪಕ್ಕಕ್ಕಿಟ್ಟು ಮನೆಯನ್ನು ನೋಡಿತು. ೧೯೮೮ರ ಹೊಸ ಮೋಟಾರು ವಾಹನಗಳ ಕಾಯದೆಯೂ ‘ಕಾನೂನುಸಮ್ಮತ ಪ್ರತಿನಿಧಿ’ ಎಂಬ ಮಾತನ್ನೇ ಉಳಿಸಿಕೊಂಡುದರಿಂದ ಈ ತೀರ್ಪಿನ ಬಲ ಕುಂದಲಿಲ್ಲ.

ಆ ಬಾಗಿಲಿನಿಂದ ಮುಂದೆ ಹಲವರು ಒಳಗೆ ಬಂದರು. ೨೦೦೭ರಲ್ಲಿ, ತಂದೆಯನ್ನು ಅವಲಂಬಿಸಿರದ ಮದುವೆಯಾದ ಮಗಳೂ ಅರ್ಜಿ ಸಲ್ಲಿಸಬಹುದೆಂದೂ, ತಪ್ಪಿನ ವಿಚಾರವಿಲ್ಲದೆ ಕೊಡತಕ್ಕ ೫೦,೦೦೦ ರೂಪಾಯಿಗಳ ಮೊತ್ತವು ಆಕೆಗೆ ಸಲ್ಲಬೇಕೆಂದೂ ಸರ್ವೋಚ್ಚ ನ್ಯಾಯಾಲಯವು ಹೇಳಿತು. ೨೦೧೪ರಲ್ಲಿ, ಸಂಸಾರವನ್ನು ತ್ಯಜಿಸಿ ಕ್ರೈಸ್ತ ಧರ್ಮಸಂಘವೊಂದನ್ನು ಸೇರಿ ಅದರ ಶಾಲೆಯಲ್ಲಿ ದುಡಿಯುತ್ತಿದ್ದ ಸನ್ಯಾಸಿಯೊಬ್ಬನ ಪರವಾಗಿ ಆ ಸಂಘವೇ ಕೇಳಿದಾಗ ಅದನ್ನೂ ಮಾನ್ಯಮಾಡಿತು. ೨೦೧೮ರಲ್ಲಿ ತರುಣನೊಬ್ಬನ ತಂದೆಗೂ ಸೋದರಿಗೂ, ಅವನ ಸಾಂಗತ್ಯವನ್ನು ಕಳೆದುಕೊಂಡುದಕ್ಕಾಗಿ ತಲಾ ೪೦,೦೦೦ ರೂಪಾಯಿಗಳನ್ನು ಕೊಡಿಸಿತು. ೨೦೨೦ರಲ್ಲಿ ಮದುವೆಯಾಗಿ ಸಂಪಾದಿಸುತ್ತಿದ್ದ ವಯಸ್ಕ ಗಂಡುಮಕ್ಕಳೂ ಕೇಳಬಹುದೆಂದಿತು. ೨೦೨೧ರಲ್ಲಿ ಮಗಳ ಮನೆಯಲ್ಲಿಯೇ ಇದ್ದ ಅತ್ತೆಯು ಅಳಿಯನ ಸಾವಿಗೆ ಪರಿಹಾರ ಪಡೆಯಬಹುದೆಂದು ನಿರ್ಣಯಿಸಿತು. ವಾರಸುದಾರಳಲ್ಲದಿದ್ದರೂ ಅವನ ಆಸರೆಯಲ್ಲಿದ್ದವಳು ಆಕೆಯೆಂಬುದೇ ಅಲ್ಲಿ ಮುಖ್ಯವಾಯಿತು.

ಆದರೆ ಬಾಗಿಲೊಳಗೆ ಬರುವುದು ಬೇರೆ, ಎಲೆಯ ಮುಂದೆ ಕೂಡುವುದು ಬೇರೆ. ಅರ್ಜಿ ಸಲ್ಲಿಸುವ ಹಕ್ಕಿನಿಂದ ಹಣದ ಮೊತ್ತವು ನಿರ್ಣಯವಾಗದು. ಅದಕ್ಕೆ ಅವಲಂಬನವನ್ನು ತೋರಿಸಬೇಕು. ಕರ್ನಾಟಕ ಉಚ್ಚ ನ್ಯಾಯಾಲಯವು ೨೦೦೪ರಲ್ಲಿ, ಅವಲಂಬಿತರಲ್ಲದ ವಾರಸುದಾರರಿಗೆ ಸ್ವತ್ತಿನ ನಷ್ಟ ಮಾತ್ರ ದೊರೆಯತಕ್ಕುದೆಂದು ಈ ಭೇದವನ್ನು ವಿಂಗಡಿಸಿತು. ಅಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್. ವಿ. ರವೀಂದ್ರನ್ ಅವರೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ, ೨೦೦೯ರ ಪ್ರಸಿದ್ಧ ತೀರ್ಪಿನಲ್ಲಿ ಪರಿಹಾರದ ಲೆಕ್ಕಕ್ಕೆ ದೇಶಕ್ಕೆಲ್ಲ ಒಂದೇ ಕ್ರಮವನ್ನು ಗೊತ್ತುಪಡಿಸಿದರು. ಅವಿವಾಹಿತನು ಸತ್ತಾಗ ಸಾಮಾನ್ಯವಾಗಿ ತಾಯಿಯನ್ನು ಮಾತ್ರ ಅವಲಂಬಿತಳೆಂದು ಎಣಿಸಬೇಕು. ಸೋದರ ಸೋದರಿಯರು ದುಡಿಯುವವರೋ, ಮದುವೆಯಾದವರೋ, ತಂದೆಯ ಆಸರೆಯಲ್ಲಿರುವವರೋ ಆಗಿರುತ್ತಾರೆ. ಬೇರೆಯಾಗಿದ್ದರೆ ಅದಕ್ಕೆ ಸಾಕ್ಷ್ಯ ಬೇಕು ಎಂದು ಅದರಲ್ಲಿ ಹೇಳಿದೆ. ಅವನ ಸಂಪಾದನೆಯ ಅರ್ಧವನ್ನು ಅವನ ಸ್ವಂತ ಖರ್ಚೆಂದು ಕಳೆಯಬೇಕು. ವಿಧವೆಯಾದ ತಾಯಿಯೂ, ಸಂಪಾದನೆಯಿಲ್ಲದ ಹಲವು ಕಿರಿಯ ಸೋದರ ಸೋದರಿಯರೂ ಅವನನ್ನು ನಂಬಿದ್ದರೆ ಮೂರರಲ್ಲಿ ಒಂದು ಭಾಗವನ್ನು ಮಾತ್ರ ಕಳೆಯಬಹುದು. ೧೯೮೭ರ ತೀರ್ಪು ತಮ್ಮನನ್ನು ಒಳಗೆ ಕರೆಯಿತು. ೨೦೦೯ರ ತೀರ್ಪು ಅವನ ಕೈಯಲ್ಲಿ ಸಾಕ್ಷ್ಯವುಂಟೇ ಎಂದು ಕೇಳಿತು. ಎರಡಕ್ಕೂ ತಕ್ಕ ಕಾರಣಗಳಿವೆ. ಆದರೆ ವಲಸೆಗಾರನ ಮನೆಯಲ್ಲಿ ಸಾಕ್ಷ್ಯವೆಂಬುದು ಹಳೆಯ ಮನಿಯಾರ್ಡರಿನ ರಸೀತಿ, ಬ್ಯಾಂಕಿನ ಪುಸ್ತಕ, ಶಾಲೆಯ ಶುಲ್ಕದ ಚೀಟಿ. ಇವನ್ನು ಜೋಪಾನವಾಗಿಡುವ ಅಭ್ಯಾಸವಿಲ್ಲದ ಮನೆಗೆ ಒಳಗೆ ಬಂದ ಹಕ್ಕು ಬರಿಗೈಯಾಗಿ ಹಿಂದಿರುಗುವ ಭಯವುಂಟು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದುಂಟು. ೧೯೮೭ರ ವಿಶಾಲ ದೃಷ್ಟಿಯು ಮೋಟಾರು ವಾಹನದ ಅಪಘಾತಕ್ಕೆ ಸಂಬಂಧಿಸಿದುದು. ೧೯೮೯ರ ರೈಲ್ವೆ ಕಾಯದೆಯಲ್ಲಿ ಅವಲಂಬಿತರ ಬೇರೊಂದು ಪಟ್ಟಿಯಿದೆ: ಅದರಲ್ಲಿ ಅಪ್ರಾಪ್ತ ಸೋದರ, ಅವಿವಾಹಿತ ಸೋದರಿ, ವಿಧವೆಯಾದ ಸೋದರಿ, ವಿಧವೆಯಾದ ಸೊಸೆ ಇವರು, ಸತ್ತವನನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಲಿ ನಂಬಿದ್ದರೆ, ಸೇರುತ್ತಾರೆ, ವಯಸ್ಸಿಗೆ ಬಂದ ಸೋದರ ಸೇರುವುದಿಲ್ಲ. ಯಾವ ವಿಶೇಷ ಕಾಯದೆಯೂ ಇಲ್ಲದ ಕಡೆಗಳಲ್ಲಿ ೧೮೫೫ರ ಕಾಯದೆಯೇ ಆಧಾರ.

ಮುಂಬಯಿಯಲ್ಲಿ ದುಡಿಯುವ ಅವಿವಾಹಿತನೊಬ್ಬನನ್ನು ಊಹಿಸಿಕೊಳ್ಳಬಹುದು. ತಾಯಿತಂದೆಗಳಿಲ್ಲ, ಊರಿನಲ್ಲಿ ಇಪ್ಪತ್ತು ವರ್ಷದ ತಮ್ಮನೂ ಮದುವೆಯಾಗದ ತಂಗಿಯೂ ಅವನ ಹಣದಿಂದ ಓದುತ್ತಿದ್ದಾರೆ. ಅವನು ಬಸ್ಸಿನ ಚಾಲಕನ ಅಲಕ್ಷ್ಯದಿಂದ ಸತ್ತರೆ ಇಬ್ಬರೂ ಕೇಳಬಹುದು. ರೈಲಿನ ಅಪಘಾತದಲ್ಲಿ ಪ್ರಯಾಣಿಕನಾಗಿ ಸತ್ತರೆ ತಂಗಿ ಕೇಳಬಹುದು, ತಮ್ಮನು ಆ ಪಟ್ಟಿಯಲ್ಲಿಲ್ಲ. ಯಾರದೋ ಅಲಕ್ಷ್ಯದಿಂದ ಕಟ್ಟಡದ ಲಿಫ್ಟು ಕುಸಿದು ಸತ್ತರೆ, ಅವಲಂಬನದ ನಷ್ಟಕ್ಕಾಗಿ ಇಬ್ಬರಲ್ಲಿ ಒಬ್ಬರ ಹೆಸರೂ ೧೮೫೫ರ ಪಟ್ಟಿಯಲ್ಲಿ ದೊರೆಯದು. ವಾರಸುದಾರರಾಗಿ ಸ್ವತ್ತಿನ ನಷ್ಟವೊಂದನ್ನೇ ಹಿಡಿದು ಹೋಗಬೇಕು. ಸತ್ತವನು ಒಬ್ಬನೇ, ಮನೆ ಒಂದೇ, ಹಸಿವೂ ಒಂದೇ. ಕೊಂದ ಯಂತ್ರಕ್ಕೆ ತಕ್ಕಂತೆ ಕುಟುಂಬವು ಹಿಗ್ಗುತ್ತದೆ, ಕುಗ್ಗುತ್ತದೆ.

ಡಿಯೋಡ್ಯಾಂಡಿನ ಕಾಲದಲ್ಲಿ ಇಂಗ್ಲೆಂಡಿನ ಕಾನೂನು ಕೊಂದ ವಸ್ತುವಿನ ಕಡೆಗೆ ನೋಡಿತು, ಉಳಿದವರ ಕಡೆಗೆ ನೋಡಲಿಲ್ಲ. ೧೮೪೬ರಲ್ಲಿ ಅದರ ದೃಷ್ಟಿ ಉಳಿದವರ ಕಡೆಗೆ ತಿರುಗಿತು. ಆದರೆ ಅವರನ್ನು ಎಣಿಸಲು ತನ್ನ ಮನೆಯ ಲೆಕ್ಕವನ್ನೇ ಬಳಸಿತು. ಭಾರತದ ನ್ಯಾಯಾಲಯಗಳು ಆ ಲೆಕ್ಕವನ್ನು ರಸ್ತೆಯ ಮಟ್ಟಿಗೆ ತಿದ್ದಿವೆ. ಉಳಿದುದನ್ನು ತಿದ್ದುವ ಕೆಲಸ ಶಾಸನಸಭೆಯದು. ಸಂಬಂಧದ ಹೆಸರನ್ನು ಕೇಳುವ ಬದಲು ಆಸರೆಯ ನಿಜವನ್ನು ಕೇಳುವ ಒಂದೇ ನಿಯಮವು, ಬಸ್ಸಿಗೂ ರೈಲಿಗೂ ಕಟ್ಟಡಕ್ಕೂ ಸಮನಾಗಿ, ಬರಬೇಕಾಗಿದೆ. ಅದು ಬರುವವರೆಗೆ, ಅಣ್ಣನ ದುಡಿಮೆಯಿಂದ ಓದಿದ ಎಷ್ಟೋ ತಮ್ಮಂದಿರ ಹೆಸರು ೧೮೫೫ರ ಆ ಪುಟದಲ್ಲಿ ಬರೆಯದೆ ಉಳಿದಿರುತ್ತದೆ.